ಗಾಬರಿ ಅಂತ ಬರೆಯಬೇಡ

ಗುರುವಾರ, ಮಧ್ಯಾಹ್ನ
ಅಂಗಡಿಯಿಂದ

ನನ್ನ ಬಂಗಾರದಂಥ ಮಗಳೇ,

ನಿನ್ನ ಹೆದರುಪುಕ್ಕಲು ಅಮ್ಮನದು ಮೊದಲು ಒಂದು ಬೇಡಿಕೆ. ಇದನ್ನ ನಿಂತುಕೊಂಡು, ಒಂದು ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡು ಓದಬೇಡ. ಕೂತು ಓದು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಒಂದು ಮಾತು ಅನ್ನೋದರೊಳಗೆ ನೀನು ಅಮ್ಮಾ ಇರು, ಅಮ್ಮಾ ಕೇಳು ಅಂತ ಬಾಯಿ ಹಾಕ್ತೀಯ. ಕಾಗದದ ಮಧ್ಯೆ ಬಾಯಿ ಹಾಕೋಕೆ ಯಾರಿಂದಲೂ ಆಗಲ್ಲ. ನನ್ನ ಓದು ಏಳನೇ ಕ್ಲಾಸಿಗೆ ನಿಂತು, ಮತ್ತೆ ರಾತ್ರಿ ಶಾಲೆಯಲ್ಲಿ ಶುರುವಾಗಿ, ನೀನು ಹೊಟ್ಟೆಯಲ್ಲಿದ್ದಾಗ ಮತ್ತೆ ನಿಂತದ್ದು. ಒತ್ತಕ್ಷರ ಎಲ್ಲಾದರೂ ಬಿಟ್ಟುಹೋಗಿದ್ದರೆ ನೀನೇ ಒತ್ತಿಕೊಂಡು ಓದು.

ನಿನ್ನೆ ಊಟ ಮಾಡಿ ಮಿಷನ್ನಿನ ಮೇಲೆ ತಲೆಯಿಟ್ಟು ಹಾಗೇ ಕಣ್ಣು ಮುಚ್ಚಿದ್ದೆ. ಕೆಟ್ಟ ಕನಸು ಬಿತ್ತು. ವಿಮಾನದೊಳಗೆ ಇದ್ದೀನಿ. ನಾನು ಯಾವತ್ತೂ ವಿಮಾನ ಹತ್ತಿದವಳಲ್ಲ, ಅದಕ್ಕೇ ಏನೋ ಒಳಗೆಲ್ಲ ನಿಮ್ಮಪ್ಪನ ಬಸ್ಸಿನ ಥರಾನೇ ಇತ್ತು. ಹಿಡಿದುಕೊಳ್ಳೋಕೆ ಕಂಬಿ, ಮುಂದುಗಡೆ ಮೆಟ್ಟಿಲು. ಕೂತವರೆಲ್ಲರ ಕೈಯಲ್ಲೂ ಒಂದೊಂದು ಸ್ಟೀರಿಂಗು. ಎಲ್ಲರೂ ಬಹಳ ಶ್ರದ್ಧೆಯಿಂದ ತಿರುಗಿಸ್ತಾ ಇದ್ದಾರೆ, ಆದರೆ ಯಾವ ಸ್ಟೀರಿಂಗೂ ಯಾವುದಕ್ಕೂ ಸೇರಿಲ್ಲ. ಮುಂದೆ ನೋಡಿದರೆ ನಿನ್ನ ಸೀಟು ಖಾಲಿ. ಕೂಗೋಣ ಅಂದರೆ ನನ್ನ ಬಾಯಿ ತುಂಬ ಗುಂಡುಪಿನ್ನು. ಉಗುಳೋಕೂ ಭಯ, ನುಂಗೋಕೂ ಭಯ. ಎಚ್ಚರವಾದಾಗ ಮಿಷನ್ನಿನ ಚಕ್ರದ ಅಚ್ಚು ಕೆನ್ನೆಯ ಮೇಲೆ ಮೂಡಿತ್ತು.

ಪಿನ್ನಿನ ವಿಷಯಕ್ಕೆ ಆಮೇಲೆ ಬರ್ತೀನಿ. ಅದು ಸುಮ್ಮನೆ ಬಿದ್ದ ಕನಸಲ್ಲ.

ಮೊದಲು ಮುಖ್ಯವಾದದ್ದು. ಮೊನ್ನೆ ಫೋನಿನಲ್ಲಿ ನಾನು ನಿನಗೆ ಸಹಿ ಹಾಕಿಬಿಡು ಮಗಳೇ, ಕೆಲಸ ಉಳೀಲಿ ಅಂದೆನಲ್ಲ, ಆ ಮಾತನ್ನ ವಾಪಸ್ ತಗೊಳ್ತಿದ್ದೀನಿ. ಸಹಿ ಹಾಕಬೇಡ. ಸೋಮವಾರ ನಿಮ್ಮ ಕಂಪನಿಯ ಆ ಮೂರು ಜನ ಕಾಗದ ಮುಂದಿಟ್ಟು ಪೆನ್ನು ಕೊಟ್ಟರೆ, ಪೆನ್ನು ಚೆನ್ನಾಗಿದೆ ಸಾರ್ ಅಂತ ಹೇಳಿ ವಾಪಸ್ ಕೊಡು.

ಆ ದಿನ ನಡೆದದ್ದನ್ನ ನಾನು ತಿಳಿದುಕೊಂಡ ಹಾಗೆ ಬರೀತೀನಿ, ತಪ್ಪಿದ್ದರೆ ಹೇಳು. ವಿಮಾನ ಇಳೀತಾ ಇತ್ತು. ಸುತ್ತ ಮೋಡ, ಕಿಟಕಿಯಲ್ಲಿ ಹತ್ತಿ ತುರುಕಿದ ಹಾಗೆ. ಜನ ಕಡಿಮೆ, ಎಣ್ಣೆ ಕಡಿಮೆ, ವಿಮಾನ ಹಗುರ. ನಿನ್ನ ದೊಡ್ಡ ಪೈಲಟ್ಟು, ಅಂದರೆ ನಿಮ್ಮ ಕಂಪನಿಯಲ್ಲಿ ಅರ್ಧ ಜನಕ್ಕೆ ಪಾಠ ಹೇಳಿಕೊಟ್ಟು ಎಲ್ಲರ ಬಾಯಲ್ಲೂ ಮೇಷ್ಟ್ರು ಅಂತಲೇ ಆಗಿರೋರು, ಆಟೊಪೈಲಟ್ ಯಂತ್ರ ತೆಗೆದು ಕೈಯಲ್ಲೇ ಓಡಿಸ್ತಾ ಇದ್ದರು. ನೀನು ಪಕ್ಕದಲ್ಲಿ ಕೂತು ಅಂಕಿ ನೋಡ್ತಾ ಇದ್ದೆ. ಇಂತಿಷ್ಟು ಎತ್ತರಕ್ಕೆ ಬಂದಾಗ ರನ್‌ವೇ ಕಾಣಲೇಬೇಕು. ಕಾಣದಿದ್ದರೆ ಇಳಿಯೋ ಆಸೆ ಬಿಟ್ಟು ಮತ್ತೆ ಮೇಲೆ ಹೋಗಬೇಕು. ಅದಕ್ಕೆ ನೀವು ಗೋ-ಅರೌಂಡ್ ಅಂತೀರಿ, ನಮ್ಮ ಮನೆಯಲ್ಲಿ ನಾವು ಮತ್ತೆ-ಮೇಲೆ ಅಂತೀವಿ.

ರನ್‌ವೇ ಕಾಣಲಿಲ್ಲ. ಮತ್ತೆ-ಮೇಲೆ ಅಂತ ಆಯ್ತು. ಇಂಜಿನ್ನು ಪೂರ್ತಿ ಜೋರು. ಹಗುರ ವಿಮಾನ, ಬೆನ್ನಿಗೆ ಒದ್ದ ಹಾಗೆ ಮುಂದಕ್ಕೆ ನುಗ್ಗಿತು. ಮೂಗು ಮೇಲೆದ್ದಿತು, ಅಲ್ಲಿವರೆಗೆ ಸರಿ. ಆಮೇಲೆ ಮೇಷ್ಟ್ರ ಕೈ ಮುಂದಕ್ಕೆ ತಳ್ಳೋಕೆ ಶುರು ಮಾಡಿತು. ನಿಮ್ಮ ಮುಂದಿನ ಪರದೆಯಲ್ಲಿ ಮೇಲೆ ಆಕಾಶದ ನೀಲಿ, ಕೆಳಗೆ ನೆಲದ ಕಂದು ಅಂತ ನೀನೇ ಚಿತ್ರ ಬರೆದು ತೋರಿಸಿದ್ದೆ. ಮೂಗು ಮೇಲಿದ್ದರೆ ನೀಲಿ ಹೆಚ್ಚು, ಕೆಳಗೆ ಬಂದರೆ ಕಂದು ಹೆಚ್ಚು. ಕಂದು ಏರ್ತಾ ಬಂತು ಅಮ್ಮಾ, ನೆಲ ಹತ್ತಿರ ಇದೆ ಅಂತ ನನಗೆ ಗೊತ್ತು ಅಂದಿದ್ದೆ. ನೀನು ಮೂಗು ಅಂದೆ. ಉತ್ತರವಿಲ್ಲ. ಇನ್ನೊಂದು ಸಲ ಮೂಗು ಅಂದೆ. ಉತ್ತರವಿಲ್ಲ. ಎರಡು ಸಲ ಹೇಳು, ಉತ್ತರ ಬರದಿದ್ದರೆ ನಿನ್ನ ಕೈಗೆ ತಗೋ. ಇದು ನಿಮ್ಮ ಕಂಪನಿಯದೇ ನಿಯಮ, ನೀನು ಪರೀಕ್ಷೆಗೆ ಓದುವಾಗ ಪಾತ್ರೆ ತೊಳೀತಾ ತೊಳೀತಾ ನನಗೂ ಬಾಯಿಪಾಠ ಆಗಿದ್ದು. ತಗೊಂಡೆ. ಕೈಯಲ್ಲೇ ಹಿಂದಕ್ಕೆ ಎಳೆದೆ, ಮೂಗನ್ನ ನೀಲಿಗೆ ತಂದೆ, ವಿಮಾನ ಸಮಾಧಾನಕ್ಕೆ ಬಂದ ಮೇಲೆ ಆಟೊಪೈಲಟ್ ಗುಂಡಿ ಒತ್ತಿದೆ. ಒತ್ತಿ ಸುಮ್ಮನಾಗದೆ ಯಂತ್ರ ನಿಜವಾಗಿ ಹಿಡಿದುಕೊಂಡಿತಾ ಅಂತ ಪರದೆ ನೋಡಿದೆ. ಹಿಡಿದುಕೊಂಡಿತ್ತು. ಇನ್ನೊಂದು ಸುತ್ತು ಬಂದು ಇಳಿಸಿದಿರಿ. ಜನ ಆಕಳಿಸಿಕೊಂಡು ತಮ್ಮ ತಮ್ಮ ಚೀಲ ಎತ್ತಿಕೊಂಡು ಮನೆಗೆ ಹೋದರು.

ಇಷ್ಟೇ ತಾನೆ?

ಈಗ ಕಂಪನಿಯವರು ಹೇಳೋದು ಬೇರೆ. ಮೇಲೇರಬೇಕಾದ ಎತ್ತರ ದಾಟಿ ಹೋಗಬಾರದು ಅಂತ ಮೇಷ್ಟ್ರು ಬೇಕಂತಲೇ ಮೂಗು ತಗ್ಗಿಸ್ತಿದ್ದರಂತೆ, ಸಹ ಪೈಲಟ್ಟು ಗಾಬರಿಯಾಗಿ ಕಿತ್ತುಕೊಂಡಳಂತೆ, ಈಗಿನ ಮಕ್ಕಳಿಗೆ ಯಂತ್ರವಿಲ್ಲದೆ ಉಸಿರೇ ಆಡೋಲ್ಲವಂತೆ. ಮೂಗು ಎಷ್ಟು ಬಗ್ಗಿತು ಅನ್ನೋದು ವಿಮಾನದ ಬ್ಲ್ಯಾಕ್ ಬಾಕ್ಸ್ ಪೆಟ್ಟಿಗೆಯಲ್ಲಿ ಉಳಿದಿದೆ, ಯಾಕೆ ಬಗ್ಗಿತು ಅನ್ನೋದು ಉಳಿದಿಲ್ಲ. ಮಾತು ಹಿಡಿದಿಡೋ ಪೆಟ್ಟಿಗೆಯೂ ಒಂದಿತ್ತು, ಆದರೆ ಅದನ್ನ ತೆಗೆದಿಡಬೇಕು ಅಂತ ಯಾರಿಗಾದರೂ ಹೊಳೆಯೋದರೊಳಗೆ ವಿಮಾನ ಇನ್ನೊಂದು ಊರಿಗೆ ಹೋಗಿ ಬಂದಾಗಿತ್ತು. ಹೊಸ ಮಾತು ಹಳೇ ಮಾತಿನ ಮೇಲೆ ಕೂತುಬಿಟ್ಟಿತು. ಈಗ ಉಳಿದಿರೋದು ನಿನ್ನ ಮಾತು, ಮೇಷ್ಟ್ರ ಮಾತು. ನಾನು ಗಾಬರಿಗೊಂಡು ಹೀಗೆ ಮಾಡಿದೆ ಅಂತ ಕಂಪನಿಯವರೇ ಬರೆದಿಟ್ಟಿರೋದಕ್ಕೆ ಸಹಿ ಹಾಕಿದರೆ ಸ್ವಲ್ಪ ತರಬೇತಿ, ಮತ್ತೆ ಡ್ಯೂಟಿ. ಹಾಕದಿದ್ದರೆ ದೊಡ್ಡ ವಿಚಾರಣೆ, ಅದು ಮುಗಿಯೋವರೆಗೆ ನೆಲದ ಮೇಲೆ, ಕೊನೆಗೆ ಕೆಲಸ ಹೋದರೂ ಹೋಯ್ತು.

ಗೊತ್ತು ಮಗಳೇ.  ಆದರೂ ಹೇಳ್ತೀನಿ. ಆ ಗಾಬರಿ ಅನ್ನೋ ಮಾತಿಗೆ ನನ್ನ ತಕರಾರಿದೆ. ನಮ್ಮ ವಂಶದಲ್ಲಿ ಗಾಬರಿಗೆ ಯಾರಾದರೂ ಹಕ್ಕುದಾರರು ಇದ್ದರೆ ಅದು ನಾನು. ನಾನು ಬದುಕಿರುವಾಗ ಅದನ್ನ ಇನ್ನೊಬ್ಬರ ಹೆಸರಿಗೆ ಬರೆಸಿಕೊಳ್ಳೋಕೆ ಇವರು ಯಾರು?

ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಢಂ ಅಂತ ಸಿಡಿದದ್ದು ನೆನಪಿದೆಯಾ? ಎಲ್ಲರೂ ಹೊರಗೆ ಓಡಿದರು, ನಾನೂ ಓಡಿದೆ. ಬೀದಿ ಕೊನೆಗೆ ಹೋಗಿ ನಿಂತು ನೋಡಿಕೊಂಡರೆ ಕಾಲಲ್ಲಿ ಚಪ್ಪಲಿಯಿಲ್ಲ, ಕೈಯಲ್ಲಿ ಪೊರಕೆ. ಪೊರಕೆ ಯಾಕೆ ತಂದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಹೇಗೂ ತಂದಿದ್ದೀಯಲ್ಲ, ಬೀದಿ ಗುಡಿಸಿಬಿಡು ಅಂತ ನಿಮ್ಮಪ್ಪ ಅಷ್ಟು ಜನರ ಮುಂದೆ ಅಂದಿದ್ದರು. ಗಾಬರಿ ಅಂದರೆ ಅದು. ಕೈ ಮೊದಲು ಓಡುತ್ತೆ, ಕಣ್ಣು ಬಹಳ ಹೊತ್ತಾದ ಮೇಲೆ ಬರುತ್ತೆ, ಬಾಯಂತೂ ಬರೋದೇ ಇಲ್ಲ. ನಿನ್ನದು ಹೇಗಿತ್ತು? ಮೊದಲು ನೋಡಿದೆ. ಆಮೇಲೆ ಹೇಳಿದೆ. ಕೈ ಹಾಕಿದ್ದು ಕಟ್ಟಕಡೆಗೆ. ಇದನ್ನ ಗಾಬರಿ ಅನ್ನೋರು ಯಾವತ್ತೂ ನೆಟ್ಟಗೆ ಗಾಬರಿ ಬಿದ್ದವರಲ್ಲ.

ಇನ್ನು ನಿಮ್ಮಪ್ಪನ ವಿಷಯ. ಸಹಿ ಹಾಕು ಅಂತ ಅವರು ಇನ್ನೂ ಅಂತಿದ್ದಾರೆ. ಅವರ ಮೇಲೆ ಸಿಟ್ಟಾಗಬೇಡ. ಡಿಪೋ ಗೇಟಿನ ಕಂಬಕ್ಕೆ ಬಸ್ಸು ತಗುಲಿದಾಗ ನೀನು ಚಿಕ್ಕವಳು. ಬ್ರೇಕು ಸರಿಯಿಲ್ಲ ಅಂತ ಬೆಳಗ್ಗೆಯೇ ಹೇಳಿದ್ದರು, ಯಾರೂ ಕೇಳಲಿಲ್ಲ. ಆಮೇಲೆ ಮೇಲಿನವರು ಬಂದು, ನೋಡಪ್ಪಾ, ಅಜಾಗರೂಕತೆ ಅಂತ ಒಂದು ಸಹಿ ಹಾಕು, ಇಲ್ಲಿಗೇ ಮುಗಿಸಿಬಿಡೋಣ ಅಂದರು. ಹಾಕಿದರು. ಮುಗೀತಾ? ಬಡ್ತಿಗೆ ಅರ್ಜಿ ಹಾಕಿದಾಗೆಲ್ಲ ಮೊದಲು ಆಚೆ ಬರ್ತಿದ್ದದ್ದು ಅದೇ ಕಾಗದ. ಕೊನೆಗೆ ನಿವೃತ್ತಿಯ ದಿನ ಶಾಲು ಹೊದಿಸುವಾಗಲೂ ಡಿಪೋ ಮ್ಯಾನೇಜರ್ರು, ಇವತ್ತಿನಿಂದ ನಮ್ಮ ಗೇಟಿನ ಕಂಬಕ್ಕೆ ನೆಮ್ಮದಿ ಅಂದು ಎಲ್ಲರನ್ನೂ ನಗಿಸಿದರು. ನಿಮ್ಮಪ್ಪನೂ ನಕ್ಕರು. ಮನೆಗೆ ಬಂದು ಶಾಲನ್ನ ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದವರು ಇವತ್ತಿನವರೆಗೆ ಚಳಿಗೂ ತೆಗೆದಿಲ್ಲ. ನೀನು ಸಹಿ ಹಾಕದಿದ್ದರೆ ತಾನು ಹಾಕಿದ್ದು ಎದ್ದು ಕಾಣುತ್ತಲ್ಲ, ಅದು ಅವರ ಸಂಕಟ ಅಂತ ನನಗನಿಸುತ್ತೆ. ಬಾಯಿಬಿಟ್ಟು ಅವರಿಗೆ ಹೇಳಿಲ್ಲ. ನೀನೂ ಹೇಳಬೇಡ.

ಕೈಯಾ ಯಂತ್ರವಾ ಅನ್ನೋ ಜಗಳದಲ್ಲಿ ನಾನು ಮೊದಲು ಮೇಷ್ಟ್ರ ಪಕ್ಷದವಳೇ ಆಗಿದ್ದೆ, ಅದು ನಿನಗೂ ಗೊತ್ತು. ಕಾಲರಿನ ಮೂಲೆ ಬಂದಾಗ ನಾನು ಮೋಟಾರಿನಿಂದ ಕಾಲು ತೆಗೆದು ಚಕ್ರವನ್ನ ಕೈಯಲ್ಲೇ ತಿರುಗಿಸ್ತೀನಿ. ಮೋಟಾರು ನೆಟ್ಟಗೆ ಓಡೋಕೆ ಸರಿ, ತಿರುವಿಗೆ ಕೈಯೇ ಬೇಕು, ನೀನೂ ಹಾಗೇ ಮಾಡು ಅಂತ ನಿನಗೆ ಬುದ್ಧಿ ಹೇಳಿದ್ದೆ. ವಿಮಾನ ಅಂದರೆ ಕಾಲರ್ ಅಲ್ಲಮ್ಮಾ ಅಂತ ನೀನು ನಕ್ಕೆ. ನಾನು ಬಿಡಲಿಲ್ಲ. ಆಗ ನೀನು, ಸರಿ, ಕಣ್ಣು ಮುಚ್ಚಿಕೊಂಡು ಒಂದು ಮೂಲೆ ತಿರುಗಿಸಿ ತೋರಿಸು ಅಂದೆ. ನಾನೇನು ಕಮ್ಮಿ ಅಂತ ಕಣ್ಣು ಮುಚ್ಚಿದೆ. ಮೂಲೆ ಚೆನ್ನಾಗೇ ತಿರುಗಿತು ಅಂತ ನನ್ನ ಕೈ ಆಣೆ ಮಾಡಿ ಹೇಳಿತು. ಕಣ್ಣು ಬಿಟ್ಟರೆ ಪಾಪದ ಗಿರಾಕಿಯ ಅಂಗಿಯ ಜೇಬು ಬಾಯಿ ಮುಚ್ಚಿಕೊಂಡು ಕೂತಿತ್ತು.

ಅದಕ್ಕಿಂತ ಚೆಂದ ಬಸ್ಸಿನ ಕಥೆ. ನಿಮ್ಮಪ್ಪ ಓಡಿಸ್ತಿದ್ದ ಬಸ್ಸಿನಲ್ಲಿ ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಕೂತಿದ್ದೆವು. ಕಣ್ಣು ಮುಚ್ಚಮ್ಮಾ ಅಂದೆ ನೀನು. ಸಿಗ್ನಲ್ ಬಿಟ್ಟಿತು, ನಿಮ್ಮಪ್ಪ ಆವತ್ತು ಯಾಕೋ ಜೋರಾಗೇ ಬಿಟ್ಟರು. ಬೆನ್ನು ಸೀಟಿಗೆ ಒತ್ತಿತು. ಈಗ ರಸ್ತೆ ಹೇಗಿದೆ ಅಂದೆ. ಏರು, ಬಸ್ಸು ಮೂತಿ ಎತ್ತಿಕೊಂಡು ಹೋಗ್ತಿದೆ ಅಂದೆ ನಾನು, ಅನುಮಾನವೇ ಇಲ್ಲದೆ. ಕಣ್ಣು ಬಿಟ್ಟರೆ ರಸ್ತೆ ತಟ್ಟೆ ಇಟ್ಟ ಹಾಗೆ ಸಮ. ಮುಂದಕ್ಕೆ ತಳ್ಳಿದರೆ ಮೈಗೆ ಮೇಲೆತ್ತಿದ ಹಾಗೇ ಅನಿಸುತ್ತೆ, ಮೋಡದೊಳಗೆ ಇಂಜಿನ್ನು ಜೋರು ಮಾಡಿದಾಗ ದೊಡ್ಡ ದೊಡ್ಡವರ ಮೈಯೂ ಇದೇ ಸುಳ್ಳು ಹೇಳುತ್ತೆ, ಮೂಗು ವಿಪರೀತ ಎದ್ದುಬಿಡ್ತು ಅಂತ ಹೆದರಿ ಕೆಳಕ್ಕೆ ತಳ್ಳುತ್ತಾರೆ ಅಂತ ಆಗ ನೀನು ಹೇಳಿದೆ. ಬಸ್ಸಿಳಿದ ಮೇಲೂ ನನಗೆ ಸ್ವಲ್ಪ ಹೊತ್ತು ನನ್ನ ಮೈಯ ಮೇಲೇ ಅನುಮಾನ.

ಹಾಗಂತ ನೀನು ಕೈ ಬೇಡ ಅಂದವಳಲ್ಲ. ಬಿಸಿಲಿರುವಾಗ, ದಾರಿ ಕಾಣುವಾಗ ಕೈಯಲ್ಲೇ ಓಡಿಸಿ ಅಭ್ಯಾಸ ಇಟ್ಟುಕೋಬೇಕು, ಕೈ ಮರೆತ ಪೈಲಟ್ಟು ಪೈಲಟ್ಟಲ್ಲ ಅಂದಿದ್ದೆ. ಯಂತ್ರವನ್ನೂ ಕಣ್ಣು ಮುಚ್ಚಿ ನಂಬಬಾರದು, ಕೆಲವು ಸಲ ಮತ್ತೆ-ಮೇಲೆ ಗುಂಡಿ ಒತ್ತಿದ ಕೂಡಲೇ ಆಟೊಪೈಲಟ್ಟೇ ಕೈಬಿಟ್ಟುಬಿಡುತ್ತೆ, ಇವರು ಅದು ಓಡಿಸ್ತಿದೆ ಅಂದುಕೊಂಡಿರ್ತಾರೆ, ಓಡಿಸೋರು ಯಾರೂ ಇರಲ್ಲ ಅಂದಿದ್ದೆ. ನನ್ನ ಕನಸಿನ ಸ್ಟೀರಿಂಗು ಅಲ್ಲಿಂದಲೇ ಬಂದಿರಬೇಕು. ಒತ್ತಿದ್ದು ಮುಖ್ಯ ಅಲ್ಲಮ್ಮಾ, ಹಿಡಿದುಕೊಂಡಿತಾ ಅಂತ ನೋಡೋದು ಮುಖ್ಯ ಅಂದೆ. ಆಗ ನಾನು ಮನಸ್ಸಿನಲ್ಲೇ ಹಿಗ್ಗಿದ್ದೆ ಕಣೇ. ಗ್ಯಾಸ್ ಆರಿಸಿದೆನಾ ಅಂತ ಬೀದಿ ಕೊನೆಯಿಂದ ವಾಪಸ್ ಬಂದು ನೋಡೋಳು ನಾನು. ನಿಮ್ಮಮ್ಮ ಎಲ್ಲಿಗೇ ಹೋಗಲಿ, ಎರಡು ಸಲ ಹೊರಡ್ತಾಳೆ ಅಂತ ನಿಮ್ಮಪ್ಪ ಜನ್ಮವಿಡೀ ಆಡಿಕೊಂಡರು. ಆ ವಾಪಸ್ ಬಂದು ನೋಡೋ ಬುದ್ಧಿ ನಿನಗೆ ಬಂದಿದೆ, ಆದರೆ ನನ್ನ ಹಾಗೆ ಪೊರಕೆ ಹಿಡಿದುಕೊಂಡು ಓಡೋ ಬುದ್ಧಿ ಬಂದಿಲ್ಲ. ಅಷ್ಟು ಸಾಕು ನನಗೆ.

ನಿಮ್ಮ ಆಫೀಸಿನಲ್ಲಿ ನಿನ್ನನ್ನ ಗುಂಡಿ ರಾಣಿ ಅಂತಾರಂತೆ. ಗುಂಡಿ ಹೊಲಿಯೋಳ ಮಗಳು ಗುಂಡಿ ಒತ್ತದೆ ಇನ್ನೇನು ಮಾಡ್ತಾಳೆ ಅಂತ ಒಬ್ಬ ಊಟದ ಕೋಣೆಯಲ್ಲಿ ಅಂದನಂತೆ. ನೀನು ಹೇಳಲಿಲ್ಲ, ನಿನ್ನ ಗೆಳತಿ ಹೇಳಿದಳು. ಅವನಿಗೆ ಹೇಳು, ನಾನು ಹೊಲಿದ ಗುಂಡಿ ಉದುರಿದ್ದನ್ನ ತೋರಿಸಿದರೆ ಜೀವಮಾನವಿಡೀ ಅವನ ಬಟ್ಟೆ ಬಿಟ್ಟಿ ಹೊಲಿದುಕೊಡ್ತೀನಿ ಅಂತ.

ಈಗ ಪಿನ್ನಿಗೆ ಬರ್ತೀನಿ. ಇದನ್ನ ಓದಿ ನೀನು ಕೂಗಾಡ್ತೀಯ, ಕೂಗಾಡು.

ನಿಮ್ಮ ಮೇಷ್ಟ್ರು ನನ್ನ ಅಂಗಡಿಗೆ ಬಂದಿದ್ದರು. ನಾನು ನಿನಗೆ ಸಹಿ ಹಾಕು ಅಂತ ಫೋನ್ ಮಾಡಿದ್ದಕ್ಕೆ ಹಿಂದಿನ ದಿನ. ಯಾರೋ ಎತ್ತರದ ಮನುಷ್ಯರು, ತೋಳಿನ ಮೇಲೆ ಯೂನಿಫಾರ್ಮ್ ಕೋಟು, ಅದರ ಒಂದು ಗುಂಡಿ ದಾರದಲ್ಲಿ ನೇತಾಡ್ತಿತ್ತು. ನಾನು ಒಬ್ಬ ಹೆಂಗಸಿನ ಲಂಗದ ಅಂಚಿಗೆ ಪಿನ್ನು ಚುಚ್ಚುತ್ತಾ ನೆಲದ ಮೇಲೆ ಮಂಡಿಯೂರಿದ್ದೆ, ಬಾಯಲ್ಲಿ ಒಂದು ಸಾಲು ಪಿನ್ನು. ಗುಂಡಿ ಹೊಲಿಸಬೇಕಿತ್ತು ಅಮ್ಮಾವ್ರೇ ಅಂದರು. ಆಮೇಲೆ ಸ್ಟೂಲಿನ ಮೇಲೆ ಕೂತು ತಾವು ಯಾರು ಅಂತ ಹೇಳಿಕೊಂಡರು. ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಚಿನ್ನದಂಥ ಹುಡುಗಿ, ಮುಂದೆ ಬಹಳ ದೂರ ಹೋಗ್ತಾಳೆ, ವಯಸ್ಸಿದೆ, ಒಂದು ಸಾಲಿನ ಸಹಿಯಿಂದ ಅವಳಿಗೇನೂ ಆಗಲ್ಲ, ನನಗೆ ನಿವೃತ್ತಿ ಹತ್ತಿರ ಬಂದಿದೆ, ನೀವು ತಾಯಿ, ನೀವು ಹೇಳಿದರೆ ಕೇಳ್ತಾಳೆ ಅಂದರು. ಬಾಯಲ್ಲಿ ಪಿನ್ನಿದ್ದಾಗ ದರ್ಜಿಗಳು ಮಾಡೋದು ಒಂದೇ, ತಲೆ ಆಡಿಸೋದು. ಹೂಂ ಅಂತ ಆಡಿಸಿದೆ. ಅವರು ಪ್ರತಿ ಮಾತಿಗೂ ನಾನು ಒಪ್ಪಿದೆ ಅಂದುಕೊಂಡರು. ದೊಡ್ಡ ಉಪಕಾರವಾಯ್ತು ಅಮ್ಮಾವ್ರೇ ಅಂತ ಕೈ ಮುಗಿದು ಎದ್ದುಹೋದರು. ಇದು ನಮ್ಮಿಬ್ಬರಲ್ಲೇ ಇರಲಿ ಅಂದರು. ಅದಕ್ಕೂ ತಲೆ ಆಡಿಸಿದ್ದೆ.

ಪಿನ್ನಿತ್ತು ಅನ್ನೋದು ಅರ್ಧ ನಿಜ. ತೆಗೆದು ತಟ್ಟೆಗೆ ಹಾಕೋಕೆ ಎಷ್ಟು ಹೊತ್ತು ಬೇಕಿತ್ತು? ಕೋಟಿನ ಮೇಲಿನ ಆ ಬಂಗಾರದ ಪಟ್ಟಿ ನೋಡಿ ನನ್ನ ನಾಲಿಗೆಯೇ ಪಿನ್ನಾಗಿತ್ತು. ಮಾರನೇ ದಿನ ನಿನಗೆ ಫೋನ್ ಮಾಡಿ ಸಹಿ ಹಾಕು ಅಂದೆ.  ನನ್ನ ಮಗಳು ಫೋನಿನಲ್ಲಿ ಮಧ್ಯೆ ಬಾಯಿ ಹಾಕದೆ ಇದ್ದದ್ದು ಅದೇ ಮೊದಲು. 

ಇವತ್ತು ಬೆಳಗ್ಗೆ ಕೋಟು ತಗೊಳ್ಳೋಕೆ ಅವರು ಮತ್ತೆ ಬಂದರು. ಈ ಸಲ ನನ್ನ ಬಾಯಲ್ಲಿ ಒಂದು ಪಿನ್ನೂ ಇರಲಿಲ್ಲ. ಮಗಳಿಗೆ ಹೇಳಿದಿರಾ ಅಂದರು. ಹೇಳಿದೆ, ಆದರೆ ಈಗ ಬೇಡ ಅಂತ ಹೇಳ್ತೀನಿ ಅಂದೆ. ಅಷ್ಟು ಅನ್ನೋದರೊಳಗೆ ಕಾಲು ಎಷ್ಟು ನಡುಗಿತು ಅಂದರೆ, ಪೆಡಲಿನ ಮೇಲಿತ್ತಲ್ಲ, ಬಟ್ಟೆಯೇ ಇಲ್ಲದೆ ಮಿಷನ್ನು ಟರ್ರ್ ಅಂತ ಓಡಿಬಿಟ್ಟಿತು. ಇಬ್ಬರೂ ಬೆಚ್ಚಿಬಿದ್ದೆವು. ಅವರು ನೀವು ಮಾತು ಕೊಟ್ಟಿದ್ದಿರಿ ಅಂದರು. ತಲೆ ಕೊಟ್ಟಿದ್ದೆ ಸ್ವಾಮಿ, ಮಾತು ಕೊಟ್ಟಿರಲಿಲ್ಲ ಅಂದೆ. ಎಲ್ಲಿಂದ ಬಂತೋ ಆ ಧೈರ್ಯ.

ಆಮೇಲೆ ಒಂದೇ ಒಂದು ಕೇಳಿದೆ. ಆ ಹೊತ್ತಿನಲ್ಲಿ ಮೂಗು ಎದ್ದಿದೆ ಅಂತ ನಿಮಗೆ ಕಂಡಿತಾ, ಅನಿಸಿತಾ ಅಂತ. ಬಸ್ಸಿನಲ್ಲಿ ನಾನು ಮೋಸ ಹೋದದ್ದು ಅಷ್ಟರಲ್ಲೇ ತಾನೆ, ಅದಕ್ಕೇ ಕೇಳಿದೆ. ಅವರು ಕೋಟಿನ ಗುಂಡಿಯ ಮೇಲೆ ಹೆಬ್ಬೆರಳು ಆಡಿಸ್ತಾ ಕೂತರು. ಆಮೇಲೆ ಅಂದರು, ಅಮ್ಮಾವ್ರೇ, ಮೈ ಸುಳ್ಳು ಹೇಳುತ್ತೆ, ಪರದೆ ನೋಡಿ ಅಂತ ನಾನೇ ಎಷ್ಟೋ ಮಕ್ಕಳಿಗೆ ಪಾಠ ಹೇಳಿದ್ದೀನಿ. ನನ್ನ ಹತ್ತಿರ ಬಂದಾಗ ಆ ಸುಳ್ಳು ತನ್ನ ಹೆಸರು ಹೇಳಿಕೊಂಡು ಬರಲಿಲ್ಲ.

ಆ ಮಾತಿಗೆ ನನಗೆ ಅವರ ಮೇಲೆ ಮರುಕ ಬಂತು, ಸುಳ್ಳು ಹೇಳಲ್ಲ. ಇದನ್ನೇ ಬರೆದುಕೊಡಿ ಅಂದೆ. ಆಡೋದು ಬೇರೆ ಬರೆಯೋದು ಬೇರೆ ಅಂದರು. ಮೇಷ್ಟ್ರು ಅಂತ ಕರೆಸಿಕೊಂಡೇ ಮನೆಗೆ ಹೋಗಬೇಕು ಅಂತ ಒಂದು ಆಸೆ ಅಂದರು. ನಿಮಗೆ ಆ ಹೆಸರಾದರೂ ಇದೆ, ನನ್ನ ಮಗಳಿಗೆ ಇನ್ನೂ ಗುಂಡಿ ರಾಣಿ ಅನ್ನೋದು ಬಿಟ್ಟರೆ ಹೆಸರೇ ಬಂದಿಲ್ಲ, ನಿಮ್ಮ ಕೋಟಿನ ತೂತಿಗೆ ನನ್ನ ಮಗಳ ಬಟ್ಟೆ ಕತ್ತರಿಸಿ ತೇಪೆ ಹಾಕೋಕೆ ನಾನು ಕತ್ತರಿ ಕೊಡಲ್ಲ ಅಂದುಬಿಟ್ಟೆ. ಅವರು ಕೋಟು ತಗೊಂಡು ಎದ್ದರು. ಗುಂಡಿ ಎಳೆದು ನೋಡಿದರು. ಗಟ್ಟಿಯಾಗಿದೆ ಅಂದರು.

ಅವರು ಹೋದ ಮೇಲೆ ಪಕ್ಕದ ಗಡಿಯಾರ ರಿಪೇರಿಯವನು ಗೋಡೆಯಾಚೆಯಿಂದ, ಅಕ್ಕಾ, ಇವತ್ತು ಮೋಟಾರ್ ಇಲ್ಲದೇ ಭರ್ಜರಿ ಓಡಿದಿರಲ್ಲ ಅಂದ. ಸುಮ್ಮನಿರೋ, ನಿನ್ನ ಮುಳ್ಳು ನೋಡಿಕೋ ಅಂದೆ. ಆಮೇಲೆ ಕೂತು ಅತ್ತೆ. ಆಮೇಲೆ ಗಿರಾಕಿಯ ಅಳತೆ ಕಾಗದದ ಹಿಂದೆ ಇದನ್ನ ಬರೆಯೋಕೆ ಶುರು ಮಾಡಿದೆ. ಹಿಂಬದಿಯಲ್ಲಿ ಸೊಂಟ, ತೋಳು ಅಂತ ಏನಾದರೂ ಕಂಡರೆ ಅದು ನಿನ್ನ ವಿಷಯ ಅಲ್ಲ.

ಸೋಮವಾರ ಏನು ಹೇಳಬೇಕು ಅಂತ ನಾನು ಹೇಳಿಕೊಡಲ್ಲ, ಆ ಭಾಷೆ ನನಗೆ ಬರಲ್ಲ. ನೋಡಿದ್ದನ್ನ ಹೇಳು, ಹೇಳಿದ್ದನ್ನ ಹೇಳು, ಮಾಡಿದ್ದನ್ನ ಹೇಳು. ಮೋಡದೊಳಗೆ ಮತ್ತೆ-ಮೇಲೆ ಹೋಗುವಾಗ ಯಂತ್ರ ಹಾಕಿಕೊಂಡೇ ಹೋಗಲಿ ಅಂತ ನೀನು ಆರು ತಿಂಗಳ ಹಿಂದೆಯೇ ಕಂಪನಿಗೆ ಬರೆದುಕೊಟ್ಟು, ಅವರು ಅದು ದೊಡ್ಡ ಪೈಲಟ್ಟಿನ ಇಷ್ಟ ಅಂದದ್ದನ್ನೂ ಹೇಳು. ಕೆಲಸ ಹೋದರೆ ಹೋಗಲಿ. ಇದನ್ನ ಬರೆದು ಎರಡು ಸಲ ಓದಿಕೊಂಡೆ, ಆದರೂ ಹೊಡೆದುಹಾಕಿಲ್ಲ. ನಾನು ಹೆದರ್ತೀನಿ. ದಿನಾ ಹೆದರ್ತೀನಿ, ನೀನು ಮೇಲಿರೋ ಪ್ರತಿ ಹೊತ್ತೂ ಹೆದರ್ತೀನಿ. ಹೆದರಿಕೊಂಡೇ ಹೇಳ್ತಿದ್ದೀನಿ, ಬಗ್ಗಬೇಡ. ನಿನ್ನ ಪಾಲಿನ ಹೆದರಿಕೆಯನ್ನ ನಾನು ಇಲ್ಲಿ ಕೂತು ಹೆದರ್ತೀನಿ, ನೀನು ಅಲ್ಲಿ ನೆಟ್ಟಗೆ ಕೂತ್ಕೋ.

ಅಂಟು ಹಚ್ಚೋಕೆ ಮುಂಚೆ ಓದಿ ಅಂತ ನಿಮ್ಮಪ್ಪನಿಗೆ ಕೊಟ್ಟೆ. ಮಧ್ಯಾಹ್ನದ ಊಟದ ಡಬ್ಬಿ ತಂದಿದ್ದರು. ಬೇಡ, ನೀನು ಏನು ಬರೆದಿರ್ತೀಯ ಅಂತ ಗೊತ್ತು ಅಂದರು. ಆಮೇಲೆ ಡಬ್ಬಿ ಪಕ್ಕಕ್ಕಿಟ್ಟು, ಲಕೋಟೆ ಇಲ್ಲಿ ಕೊಡು, ನಿನ್ನ ಅಕ್ಷರ ನೋಡಿದರೆ ಕಾಗದ ಇನ್ಯಾರ ಮನೆಗೋ ಹೋದೀತು ಅಂತ ವಿಳಾಸ ತಾವೇ ಬರೆದರು. ನಿನ್ನ ಹೆಸರನ್ನ ಎರಡು ಸಲ ತಿದ್ದಿ ದಪ್ಪ ಮಾಡಿದ್ದಾರೆ. ಲಕೋಟೆ ಬಿಸಾಡಬೇಡ. ಅವರ ಹಳೇ ಜೊತೆಗಾರ ಡ್ರೈವರಿನ ಕೈಲಿ ಸಂಜೆ ಬಸ್ಸಿಗೆ ಕೊಟ್ಟು ಕಳಿಸ್ತಿದ್ದೀವಿ, ನಾಳೆಯೇ ಸಿಗುತ್ತೆ.

ಇಂತಿ,
ಎರಡು ಸಲ ಹೊರಡುವ
ನಿನ್ನ ಅಮ್ಮ

ಮರೆತದ್ದು: ಮರೆತದ್ದಲ್ಲ, ಬೇಕಂತಲೇ ಬಿಟ್ಟಿದ್ದೆ. ಈಗ ಮನಸ್ಸು ತಡೀತಿಲ್ಲ.

ಮೇಷ್ಟ್ರು ಕೋಟು ತಗೊಂಡು ಬೀದಿ ಕೊನೆವರೆಗೆ ಹೋದವರು ನನ್ನ ಥರಾನೇ ವಾಪಸ್ ಬಂದರು. ಬಾಗಿಲಲ್ಲೇ ನಿಂತು, ಅವಳು ಎಷ್ಟು ಸಲ ಮೂಗು ಅಂದಳಂತೆ ಅಂತ ಕೇಳಿದರು. ಎರಡು ಅಂದೆ. ನನಗೆ ಒಂದೇ ಕೇಳಿಸಿತು ಅಂದರು. ಜಗಳದ ದನಿಯಲ್ಲಿ ಅನ್ನಲಿಲ್ಲ, ಏನೋ ಕಳೆದುಕೊಂಡು ಹುಡುಕೋರ ಥರ ಅಂದರು. ಮೊದಲನೆಯದು ನನ್ನ ಕಿವಿಗೆ ಬೀಳಲೇ ಇಲ್ಲ ಅಂದರೆ, ಅಂತ ಅರ್ಧಕ್ಕೆ ನಿಲ್ಲಿಸಿ, ಅವಳನ್ನ ಕೇಳಿ ಹೇಳ್ತೀರಾ, ನಾನು ಬರೆಯೋದೇ ಆದರೆ ಸರಿಯಾಗಿ ಬರೆಯಬೇಕಲ್ಲ ಅಂದರು.

ಅವರು ನಿಜ ಬರೆಯೋಕೆ ಕೇಳಿದರೋ, ಒಂದೇ ಸಲ ಹೇಳಿ ಕಿತ್ತುಕೊಂಡಳು, ನಿಯಮ ಮುರಿದಳು ಅಂತ ನಿನ್ನನ್ನ ಸಿಕ್ಕಿಸೋಕೆ ಕೇಳಿದರೋ ನನಗೆ ಗೊತ್ತಾಗಲಿಲ್ಲ. ಮುಖ ನೋಡಿದರೆ ನಿಜ ಬರೆಯೋಕೇ ಅನಿಸಿತು, ಆದರೆ ಅನಿಸೋದನ್ನ ನಂಬಬಾರದು ಅಂತ ನೀನೇ ಹೇಳಿಕೊಟ್ಟಿದ್ದೀಯ. ಅದಕ್ಕೇ ಬಿಟ್ಟಿದ್ದೆ. ಅವರು ಬರೆದಾರು ಅನ್ನೋ ನಂಬಿಕೆಯ ಮೇಲೆ ನೀನು ಸಹಿ ಹಾಕದೆ ಇರೋದು ನನಗೆ ಬೇಡ. ಅವರು ಬರೆಯಲಿ, ಬಿಡಲಿ, ನಿನ್ನದು ನಿನ್ನ ಕಾಲ ಮೇಲೆ ನಿಲ್ಲಲಿ.

ನಿನ್ನ ಮೇಲೆ ಅನುಮಾನ ಅಂತ ತಿಳಿಯಬೇಡ ಮಗಳೇ. ಒಂದೇ ಆಗಿದ್ದರೆ ಒಂದು ಅಂತಲೇ ಬರೆ, ಗಾಬರಿ ಅಂತ ಮಾತ್ರ ಬರೆಯಬೇಡ. ಎರಡು ಅಂತ ನಿನಗೆ ಖಂಡಿತ ಗೊತ್ತಿದ್ದರೂ ಸರಿಯೇ, ನನಗೋಸ್ಕರ ಬೀದಿ ಕೊನೆಯಿಂದ ಒಂದು ಸಲ ವಾಪಸ್ ಹೋಗಿ ನೋಡಿ ಬಾ. ಬಾಯಿಬಿಟ್ಟು ಎಷ್ಟು ಸಲ ಅಂದೆ?